ತಮ್ಮ ಎರಡೂವರೆ ವರ್ಷದಿಂದ ವಿಚಾರಣಾಧೀನ ಕೈದಿ. ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಹೊಸ ಕಾನೂನಿನಲ್ಲಿ ಬಿಡುತ್ತಾರೆ ಅನ್ನುವುದು ನಿಜವೇ?

ನಿಜ. ಆದರೆ ಎಲ್ಲ ಕೇಸಿಗೂ ಇಲ್ಲ, ಸುಮ್ಮನೆ ಕಾದು ಕೂತರೆ ಆಗುವುದೂ ಇಲ್ಲ. ಕ್ರಿಮಿನಲ್ ಕೇಸುಗಳನ್ನೇ ನಡೆಸುವ ವಕೀಲೆಯಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೇಸು 2023ರದ್ದು, ಮನೆ ಕಳ್ಳತನ, ತಮ್ಮನಿಗೆ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿಲ್ಲ, ಹಳೆ ಕೇಸಿಗೆ ಹೊಸ ಕಾನೂನು ಬರುವುದಿಲ್ಲವೆಂದು ಯಾರೋ ಹೇಳಿದರು ಎಂದಿದ್ದೀರಿ. ಆ ಮಾತು ಸರಿಯಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹಳೆಯ ಕೇಸುಗಳ ವಿಚಾರಣಾಧೀನ ಕೈದಿಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 23ರಂದೇ ಹೇಳಿದೆ. ನ್ಯಾಯಮೂರ್ತಿ ಹಿಮಾ ಕೊಹ್ಲಿ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠದ ಆದೇಶ ಅದು. ದಿನಾಂಕ ಬರೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಇದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 436ಎ ಕಲಂ ಪ್ರಕಾರ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗಿರಬೇಕಿತ್ತು. ಈಗ ಉಳಿದವರಿಗೆ ಅರ್ಧವೇ, ಹಿಂದೆಂದೂ ಶಿಕ್ಷೆಯಾಗದವರಿಗೆ ಮಾತ್ರ ಮೂರನೇ ಒಂದು ಭಾಗ. ಆರೋಪಿಯ ಕಡೆಯಿಂದಲೇ ಆದ ವಿಳಂಬವನ್ನು ಈ ಲೆಕ್ಕದಿಂದ ಕಳೆಯುತ್ತಾರೆ.

ಎಲ್ಲ ನಿಂತಿರುವುದು ಚಾರ್ಜ್‌ಶೀಟಿನಲ್ಲಿ ಹಾಕಿರುವ ಕಲಂಗಳ ಮೇಲೆ. ಬರೀ ಐಪಿಸಿ 380, ಅಂದರೆ ವಾಸದ ಮನೆಯಲ್ಲಿ ಕಳ್ಳತನ ಎಂದಿದ್ದರೆ ಗರಿಷ್ಠ ಶಿಕ್ಷೆ 7 ವರ್ಷ, ಮೂರನೇ ಒಂದು ಭಾಗ 2 ವರ್ಷ 4 ತಿಂಗಳು. ಎರಡೂವರೆ ವರ್ಷವಾಗಿದ್ದರೆ ನಿಮ್ಮ ತಮ್ಮ ಇಷ್ಟರಲ್ಲೇ ಹೊರಗಿರಬೇಕಿತ್ತು. ಆದರೆ ರಾತ್ರಿ ಬೀಗ ಮುರಿದ ಕೇಸುಗಳಲ್ಲಿ ಪೊಲೀಸರು ಸಾಮಾನ್ಯವಾಗಿ 457ನ್ನೂ ಸೇರಿಸುತ್ತಾರೆ. ಕಳ್ಳತನದ ಉದ್ದೇಶವಿದ್ದರೆ ಅದಕ್ಕೆ 14 ವರ್ಷದವರೆಗೆ ಶಿಕ್ಷೆಯಿದೆ, ಆಗ ಲೆಕ್ಕ 4 ವರ್ಷ 8 ತಿಂಗಳಿಗೆ ಹೋಗುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯನ್ನು ವಿಧಿಸಬಹುದಾದ ಅಪರಾಧಗಳಿಗೆ ಈ ಸೌಲಭ್ಯವೇ ಇಲ್ಲ. ಐದು ಅಥವಾ ಹೆಚ್ಚು ಜನರಿದ್ದರೆಂದು 395, ಡಕಾಯಿತಿ, ಹಾಕಿದ್ದರೆ ಈ ದಾರಿ ಮುಚ್ಚಿತು ಎಂದೇ ಅರ್ಥ. ಹಾಗಾಗಿ ಮೊದಲು ಚಾರ್ಜ್‌ಶೀಟಿನ ಪ್ರತಿ ತರಿಸಿಕೊಂಡು ನೀವೇ ಓದಿ.

ಇದೇ ಕಲಮಿನ ಎರಡನೇ ಉಪಕಲಂ ನನ್ನನ್ನು ತುಂಬಾ ಕಾಡುತ್ತದೆ. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಹಲವು ಕೇಸುಗಳು ಬಾಕಿಯಿದ್ದರೆ ಈ ಕಲಮಿನಡಿ ಜಾಮೀನು ಕೊಡುವಂತಿಲ್ಲ ಎನ್ನುತ್ತದೆ ಅದು. ಒಂದೇ ಘಟನೆಗೆ ಎರಡು ಮೂರು ಕಲಂ ಹಾಕುವುದು ಠಾಣೆಗಳಲ್ಲಿ ಮಾಮೂಲು. ಉಪಕಲಮನ್ನು ಅಕ್ಷರಶಃ ಓದಿದರೆ ಮೊದಲ ಉಪಕಲಂ ಕೊಟ್ಟದ್ದನ್ನು ಇದು ಬಹುಪಾಲು ಮಂದಿಯಿಂದ ಕಿತ್ತುಕೊಳ್ಳುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರೇ ಆಗಿದ್ದರು. ಅಪರಾಧ ಸಾಬೀತಾಗದ ಇಷ್ಟು ಜನರಿಗಾಗಿ ತಂದ ಪರಿಹಾರಕ್ಕೆ ಇಂಥ ತಡೆ ಇಟ್ಟದ್ದು ಅನ್ಯಾಯ ಎಂದೇ ನಾನು ನಂಬಿದ್ದೇನೆ. ನಿಮ್ಮ ಕೇಸಿಗೆ ಈ ತಡೆ ಬಂದರೂ ಕೈಚೆಲ್ಲಬೇಡಿ. ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿನಲ್ಲಿ 483ನೇ ಕಲಮಿನಡಿ ಮಾಮೂಲಿ ಜಾಮೀನು ಕೇಳುವ ಹಕ್ಕು ಹಾಗೆಯೇ ಇದೆ. ಎರಡೂವರೆ ವರ್ಷವಾದರೂ ಒಬ್ಬ ಸಾಕ್ಷಿಯ ವಿಚಾರಣೆಯೂ ಆಗಿಲ್ಲ ಎನ್ನುವುದು ಅಲ್ಲಿ ಗಟ್ಟಿಯಾದ ವಾದ.

ಅರ್ಜಿ ಹಾಕಬೇಕಾದವರು ಯಾರು? ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ ಎಂದು 479ರಲ್ಲೇ ಇದೆ. ಅದನ್ನೇ ನೆಚ್ಚಿಕೊಂಡಿರಬೇಡಿ. ಬಂಧನವಾದ ದಿನ, ಕಲಂಗಳು, ಮೇಲೆ ಹೇಳಿದ ಆದೇಶದ ದಿನಾಂಕ ಬರೆದು ಅಧೀಕ್ಷಕರಿಗೊಂದು ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೂ ಕೊಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಆದೇಶ ಸಿಕ್ಕ ಮೇಲೂ ಶ್ಯೂರಿಟಿ ಸಿಗದೆ ಒಳಗೇ ಉಳಿಯುವವರು ಬಹಳ. ಪಹಣಿ ಹಿಡಿದುಕೊಂಡು ಬರುವ ಜಾಮೀನುದಾರರನ್ನು ಬಡವರು ಎಲ್ಲಿಂದ ತಂದಾರು? ಇಲ್ಲೊಂದು ಅನುಕೂಲವಿದೆ, ನಿಮ್ಮ ವಕೀಲರಿಗೆ ತಪ್ಪದೆ ಹೇಳಿ: ಮೊದಲ ಬಾರಿಯ ಆರೋಪಿಯನ್ನು ಮೂರನೇ ಒಂದು ಭಾಗಕ್ಕೆ ಬಿಡಬೇಕಾದದ್ದು ಅವನ ಸ್ವಂತ ಮುಚ್ಚಳಿಕೆಯ ಮೇಲೆ. ಸಂಹಿತೆಯ 2ನೇ ಕಲಮಿನ ಪ್ರಕಾರ ಅಂಥ ಮುಚ್ಚಳಿಕೆಗೆ ಜಾಮೀನುದಾರರೇ ಬೇಕಿಲ್ಲ. ಮಾಮೂಲಿ ಜಾಮೀನು ಸಿಕ್ಕಿ ಶ್ಯೂರಿಟಿ ಕೇಳಿದರೆ, ಒಂದು ತಿಂಗಳಾದರೂ ಒದಗಿಸಲಾಗದಿದ್ದಾಗ ಕೋರ್ಟು ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸೂಚಿಸಿದೆ.

ಚಾರ್ಜ್‌ಶೀಟಿನ ಕಲಂಗಳನ್ನೂ ಬಂಧನದ ದಿನಾಂಕವನ್ನೂ ತಿಳಿಸಿದರೆ ಲೆಕ್ಕ ಹಾಕಿ ಹೇಳುತ್ತೇನೆ. ತಮ್ಮನ ಹೆಸರು, ಕೇಸಿನ ನಂಬರು ಬರೆಯಬೇಡಿ.