ದುಬಾರಿ ತೋಟಾ, ಚದುರುವ ಗುಂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು .223 ರೆಮಿಂಗ್ಟನ್ ತೋಟಾ ಬಳಸುವ, ಎಆರ್-15 ಮಾದರಿಯ ಅರೆಸ್ವಯಂಚಾಲಿತ ರೈಫಲ್. ನಳಿಗೆಯ ಮೇಲೆ 1:9 ಎಂದು ಕೊರೆದಿದೆ. 100 ಮೀಟರ್ ದೂರದಲ್ಲಿ ಅಗ್ಗದ 55 ಗ್ರೇನ್ (ಗುಂಡಿನ ತೂಕದ ಅಳತೆ) ತೋಟಾಗಳು 7 ಸೆಂ.ಮೀ. ಒಳಗೆ ಬೀಳುತ್ತವೆ. ಸ್ಪರ್ಧಾ ದರ್ಜೆಯ 77 ಗ್ರೇನ್ ತೋಟಾ ಹಾಕಿದರೆ 12 ಸೆಂ.ಮೀ. ತನಕ ಚದುರುತ್ತವೆ, ಕೆಲವು ತೂತುಗಳು ಅಂಡಾಕಾರವಾಗಿವೆ. ಮೊದಲು ಬದಲಿಸಬೇಕಾದದ್ದು ನಳಿಗೆಯನ್ನೇ, ಟ್ರಿಗರನ್ನೇ?

ಉತ್ತರ: ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ನಿಮ್ಮ ಸಮಸ್ಯೆಯನ್ನು ಆ ಅಂಡಾಕಾರದ ತೂತುಗಳೇ ಹೇಳುತ್ತಿವೆ. ಗುಂಡು ಮೂತಿ ಮುಂದಾಗಿ ಹೋಗದೆ, ಓಲಾಡುತ್ತ ಓರೆಯಾಗಿ ಕಾಗದವನ್ನು ಹಾಯುತ್ತಿದೆ. 1:9 ಎಂಬುದು ನಳಿಗೆಯೊಳಗಿನ ಸುರುಳಿ ಗೀರುಗಳ ಅಳತೆ, ಗುಂಡು ನಳಿಗೆಯಲ್ಲಿ 9 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ ಎಂದರ್ಥ. ಒಂದೇ ನಳಿಗೆಗೆ ತಯಾರಾದ ಗುಂಡುಗಳ ದಪ್ಪ ಒಂದೇ ಆಗಿರುವುದರಿಂದ ತೂಕ ಹೆಚ್ಚಿದಂತೆ ಗುಂಡು ಉದ್ದವಾಗುತ್ತದೆ, ಉದ್ದವಾದ ಗುಂಡು ನೆಟ್ಟಗೆ ಹಾರಲು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. 55 ಗ್ರೇನ್ ಗುಂಡಿಗೆ 1:12 ಸುರುಳಿಯಿದ್ದ, ಅಮೆರಿಕದ ಸೇನೆಯ ಎಂ16 ರೈಫಲ್, 62 ಗ್ರೇನ್ ಗುಂಡು ಮತ್ತು ಅದರ ಜೊತೆಯ ಉದ್ದನೆಯ ಟ್ರೇಸರ್ (ಹಾರುವ ದಾರಿ ಕಾಣುವಂತೆ ಉರಿಯುವ ಗುಂಡು) ಬಂದಾಗ ಎಂ16ಎ2 ಮಾದರಿಯಲ್ಲಿ 1:7ಕ್ಕೆ ಬದಲಾದದ್ದು ಇದೇ ಕಾರಣಕ್ಕೆ. 77 ಗ್ರೇನ್ ಗುಂಡು 1:8 ಅಥವಾ ಅದಕ್ಕಿಂತ ಬಿಗಿಯಾದ ಸುರುಳಿಯನ್ನು ಬೇಡುತ್ತದೆ. ನಿಮ್ಮ ನಳಿಗೆಗೆ 69 ಗ್ರೇನ್‌ನ ಸ್ಪರ್ಧಾ ಗುಂಡು ಹೊಂದುತ್ತದೆ. ಆ ತೂಕದಲ್ಲಿ ಎರಡು ಮೂರು ತಯಾರಕರ ತೋಟಾಗಳನ್ನು ತಂದು, ಗಾಳಿಯಿಲ್ಲದ ದಿನ, ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಒಂದೊಂದರಲ್ಲೂ 10 ಗುಂಡು ಹಾರಿಸಿ ಅಳೆಯಿರಿ.

ಹತ್ತೇ ಏಕೆಂದರೆ, ಮೂರು ಗುಂಡಿನ ಗ್ರೂಪ್ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ತೂತುಗಳ ಗುಂಪು) ನಮ್ಮನ್ನು ಸುಲಭವಾಗಿ ಮರುಳುಗೊಳಿಸುತ್ತದೆ. ಮೂರು ಗುಂಡುಗಳಲ್ಲಿ ಸರಾಸರಿ 2.5 ಸೆಂ.ಮೀ. ತೋರುವ ಬಂದೂಕು ಹತ್ತು ಗುಂಡುಗಳಲ್ಲಿ ಸುಮಾರು 4 ಸೆಂ.ಮೀ. ತೋರುವುದು ಸಹಜ, ಅದರಲ್ಲಿ ಬಂದೂಕಿನ ದೋಷವೇನೂ ಇಲ್ಲ. ಕೈಯಿಂದ ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗಕ್ಕೆ) ಏರಿಸಿದ ಮೊದಲ ತೋಟಾ, ತಾನಾಗಿ ಏರಿದ ಉಳಿದವುಗಳಿಂದ ದೂರ ಬೀಳುವುದನ್ನು ಕೆಲವು ಅರೆಸ್ವಯಂಚಾಲಿತ ರೈಫಲ್‌ಗಳಲ್ಲಿ ಕಾಣಬಹುದು. ಆದ್ದರಿಂದ ಮೊದಲ ತೂತನ್ನು ಗುರುತು ಮಾಡಿಕೊಳ್ಳಿ.

ಬಿಡಿಭಾಗಗಳ ವಿಷಯಕ್ಕೆ ಬರುವ ಮುನ್ನ ಸ್ಕೋಪಿನ ತಿರುಪುಗಳನ್ನು ಬಿಗಿಮಾಪಕದಿಂದ ಪರೀಕ್ಷಿಸಿ. ನಾನೇ ಒಮ್ಮೆ ಮೂರು ಬಗೆಯ ತೋಟಾಗಳನ್ನು ವಾರಗಟ್ಟಲೆ ದೂರಿದ ಮೇಲೆ ಸ್ಕೋಪಿನ ಒಂದು ಬಳೆ ಸಡಿಲವಾಗಿದ್ದುದು ಕಣ್ಣಿಗೆ ಬಿತ್ತು. ಅದಾದ ಮೇಲೆ, ನಿಮ್ಮ ಹ್ಯಾಂಡ್‌ಗಾರ್ಡ್ (ನಳಿಗೆಯ ಸುತ್ತ ಕೈ ಹಿಡಿಯುವ ಕವಚ) ನಳಿಗೆಯನ್ನು ಒತ್ತುವಂಥದ್ದಾದರೆ, ನಳಿಗೆಗೆ ತಗಲದೆ ನಿಲ್ಲುವ ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡ್ ಹಾಕಿಸುವುದು ಸಾರ್ಥಕ ಖರ್ಚು. ಬೆಲ್ಟಿನ ಎಳೆತಕ್ಕೋ ಕೈಭಾರಕ್ಕೋ ನಳಿಗೆ ಬಾಗಿದರೆ ಗುಂಡು ಬೀಳುವ ಜಾಗವೇ ಸರಿಯುತ್ತದೆ. ಟ್ರಿಗರಿನ ಸರದಿ ಅನಂತರ. ಸೇನಾ ಮಾದರಿಯ ಟ್ರಿಗರಿಗೆ 2.5ರಿಂದ 4.3 ಕಿಲೋವರೆಗೆ ಒತ್ತಡ ಬೇಕಾಗುತ್ತದೆ, ಎರಡು ಹಂತದ ಒಳ್ಳೆಯ ಟ್ರಿಗರ್ ಸುಮಾರು 2 ಕಿಲೋಗೆ ಬಿಡುತ್ತದೆ. ಅದು ನಳಿಗೆಯನ್ನು ಉತ್ತಮಪಡಿಸುವುದಿಲ್ಲ, ಒತ್ತುವ ಕ್ಷಣದಲ್ಲಿ ಕೈ ಕದಲುವುದನ್ನು ಮಾತ್ರ ಕಡಿಮೆ ಮಾಡುತ್ತದೆ. ಇಷ್ಟಾದರೂ 69 ಗ್ರೇನ್ ಗುಂಡುಗಳು 5 ಸೆಂ.ಮೀ. ಮೀರಿ ಚದುರಿದರೆ ಆಗ ನಳಿಗೆಯ ಯೋಚನೆ ಮಾಡಿ.

ಇನ್ನೊಂದನ್ನು ಒತ್ತಿ ಹೇಳಬೇಕು. ನಳಿಗೆಯ ಮೇಲೆ .223 ಎಂದಷ್ಟೇ ಇದ್ದರೆ 5.56 ಸೇನಾ ತೋಟಾ ಹಾಕಬೇಡಿ. ಹೊರನೋಟಕ್ಕೆ ಎರಡೂ ಒಂದೇ ಆದರೂ .223 ಚೇಂಬರಿನಲ್ಲಿ ಗುಂಡಿನ ಮುಂದಿನ ತೆರವು ಚಿಕ್ಕದು, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಮುಂದೆ ಹೊಸ ನಳಿಗೆ ಕೊಳ್ಳುವುದಾದರೆ, ಎರಡನ್ನೂ ಸುರಕ್ಷಿತವಾಗಿ ಬಳಸಬಹುದಾದ .223 ವೈಲ್ಡ್ ಚೇಂಬರ್, 1:8 ಸುರುಳಿ ಇರುವುದನ್ನು ನಾನು ಆರಿಸುತ್ತೇನೆ. ನಿಮ್ಮ 77 ಗ್ರೇನ್ ತೋಟಾಗಳೂ ಆಗ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: .22 ಎಲ್‌ಆರ್ ಅರೆಸ್ವಯಂಚಾಲಿತ ರೈಫಲಿಗೆ ಒಂದೇ ಹೆಸರಿನ ತೋಟಾ ತಂದರೂ ಈ ಬಾರಿಯ ಪೆಟ್ಟಿಗೆ ಚೆನ್ನಾಗಿಲ್ಲ. ಕಾರಣವೇನು?

ಉತ್ತರ: ಪೆಟ್ಟಿಗೆಯ ಮೇಲಿನ ಲಾಟ್ (ಒಮ್ಮೆಗೆ ತಯಾರಾದ ಕಂತಿನ) ಸಂಖ್ಯೆ ನೋಡಿ, ಬೇರೆಯೇ ಇರಬಹುದು. .22 ಎಲ್‌ಆರ್‌ನಂಥ ರಿಮ್‌ಫೈರ್ (ಬುಡದ ಅಂಚಿಗೆ ಹೊಡೆತ ಬಿದ್ದು ಸಿಡಿಯುವ) ತೋಟಾಗಳಲ್ಲಿ ಲಾಟಿನಿಂದ ಲಾಟಿಗೆ ವ್ಯತ್ಯಾಸ ಎದ್ದು ಕಾಣುತ್ತದೆ, ಆದ್ದರಿಂದಲೇ ಸ್ಪರ್ಧಿಗಳು ಹೊಂದಿದ ಲಾಟನ್ನು ಒಟ್ಟಿಗೆ ಕೊಂಡಿಡುತ್ತಾರೆ. ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ, ಕಡಿಮೆ ವೇಗದ ತೋಟಾಗಳು ಸಾಮಾನ್ಯವಾಗಿ ಹೆಚ್ಚು ನಿಖರ. ಆದರೆ ನಿಮ್ಮ ರೈಫಲಿನ ಬೋಲ್ಟನ್ನು (ಚೇಂಬರನ್ನು ಹಿಂದಿನಿಂದ ಮುಚ್ಚುವ, ಹಿಂದೆ ಮುಂದೆ ಚಲಿಸುವ ಭಾಗವನ್ನು) ಅವು ಪೂರ್ತಿ ಹಿಂದೆ ತಳ್ಳುತ್ತವೆಯೇ ಎಂಬುದನ್ನು ಒಂದು ಪೆಟ್ಟಿಗೆಯಲ್ಲಿ ಪರೀಕ್ಷಿಸಿದ ಮೇಲೆಯೇ ಹೆಚ್ಚು ತರಿಸಿ.