ಗೊತ್ತಿರುವ ಉತ್ತರಕ್ಕೆ ಮತ್ತೆ ಲೆಕ್ಕವೇಕೆ?

ಪ್ರಶ್ನೆ: ಎಂಜಿನಿಯರಿಂಗ್ ಸಿಮ್ಯುಲೇಷನ್‌ಗೆ (ವಸ್ತು ಹೇಗೆ ವರ್ತಿಸುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡುವುದಕ್ಕೆ) ಬಳಸುವ ಸಂಖ್ಯಾತ್ಮಕ ವಿಧಾನಗಳ ಸಮ್ಮೇಳನಗಳಲ್ಲಿ, ಉತ್ತರ ಮೊದಲೇ ಗೊತ್ತಿರುವ ಸಮಸ್ಯೆಗಳನ್ನೇ ಬಿಡಿಸಿ ತೋರಿಸುತ್ತಾರಲ್ಲ, ಏಕೆ?

ಉತ್ತರ: ಕಂಪ್ಯೂಟರ್ ತಪ್ಪು ಲೆಕ್ಕಕ್ಕೂ ಅಷ್ಟೇ ಅಂದವಾದ ಬಣ್ಣದ ಚಿತ್ರ ಕೊಡುತ್ತದೆ. ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ವಸ್ತುವನ್ನು ಸಣ್ಣ ತುಂಡುಗಳ ಜಾಲವಾಗಿ ವಿಭಜಿಸಿ, ಪ್ರತಿ ತುಂಡಿನೊಳಗೂ ಸರಳ ಅಂದಾಜನ್ನು ಬಳಸುವುದರಿಂದ ಸ್ವಲ್ಪ ದೋಷ ಉಳಿದೇ ಉಳಿಯುತ್ತದೆ. ದೋಷವು ತುಂಡಿನ ಅಳತೆಯ ವರ್ಗಕ್ಕೆ ತಕ್ಕಂತೆ ಇಳಿಯುವ (‘ಸೆಕೆಂಡ್ ಆರ್ಡರ್’) ವಿಧಾನವಾದರೆ, ತುಂಡಿನ ಅಳತೆಯನ್ನು ಅರ್ಧಕ್ಕಿಳಿಸಿದಾಗ ದೋಷವು ಸುಮಾರು ಕಾಲು ಭಾಗಕ್ಕೆ ಇಳಿಯಬೇಕು. ಹಾಗೆ ಇಳಿಯಿತೇ ಎಂದು ಅಳೆಯಲು ಖಚಿತ ಉತ್ತರವೊಂದು ಕೈಯಲ್ಲಿದ್ದರೆ ಅನುಕೂಲ. ಇಳಿಯದಿದ್ದರೆ ಪ್ರೋಗ್ರಾಮಿನಲ್ಲಿ ದೋಷವಿದೆಯೇ ಎಂದು ಮೊದಲು ನೋಡಬೇಕು, ಇಲ್ಲವೇ ಚೂಪಾದ ಮೂಲೆಯಂಥ ಕಡೆ ನಿಜವಾದ ಉತ್ತರವೇ ನಯವಾಗಿರದೆ ಥಟ್ಟನೆ ಬದಲಾಗುತ್ತದೆ ಎಂದು ತಿಳಿಯಬೇಕು.

ಇದು ಬರಿಯ ಪಂಡಿತರ ಚರ್ಚೆಯಲ್ಲ. 1991ರ ಆಗಸ್ಟ್‌ನಲ್ಲಿ ನಾರ್ವೆಯ ಸ್ಲೈಪ್ನರ್ ಎ ಎಂಬ, ಸಮುದ್ರದಲ್ಲಿ ಅನಿಲ ತೆಗೆಯುವ ವೇದಿಕೆಯ ಕಾಂಕ್ರೀಟ್ ತಳಭಾಗ ಪರೀಕ್ಷೆಯ ವೇಳೆ ಗೋಡೆ ಬಿರಿದು ಮುಳುಗಿತು. ಗೋಡೆಗಳು ಸೇರುವ ಜಾಗದಲ್ಲಿ ಜಾಲದ ತುಂಡುಗಳು ತೀರ ದೊಡ್ಡದಾಗಿದ್ದುದರಿಂದ, ಲೆಕ್ಕವು ಶಿಯರ್ ಒತ್ತಡವನ್ನು (ಪದರಗಳನ್ನು ಒಂದರ ಮೇಲೊಂದು ಜಾರಿಸಲು ಯತ್ನಿಸುವ ಒತ್ತಡ) ಶೇ 47ರಷ್ಟು ಕಡಿಮೆ ತೋರಿಸಿತ್ತು. ಸಾಲದ್ದಕ್ಕೆ ಅಲ್ಲಿನ ಉಕ್ಕಿನ ಸರಳುಗಳ ಜೋಡಣೆಯೂ ದುರ್ಬಲವಾಗಿತ್ತು.

ಆದ್ದರಿಂದ ಪ್ರಬಂಧ ಮಂಡನೆಗಳಲ್ಲಿ ಚಲಿಸುವ ಚಿತ್ರಗಳಿಗಿಂತ, ಜಾಲ ಸೂಕ್ಷ್ಮವಾದಂತೆ ದೋಷ ಇಳಿಯುವುದನ್ನು ತೋರಿಸುವ ನೀರಸ ನಕ್ಷೆಯನ್ನೇ ನೀವು ಮೊದಲು ಗಮನಿಸುವುದು ಮೇಲು.