ಮಗಳ ಮದುವೆಯೂ ಗೆಳತಿಯರ ಚಿತ್ರಗಳೂ

ತಿಪಟೂರಿನ ನಿವೃತ್ತ ಶಿಕ್ಷಕರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಡನೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ‘ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದರೆ ಸಾಕು ಅಪ್ಪ’ ಎಂದು ಹೋದ ವರ್ಷ ಹೇಳಿದ್ದ ಅವರ ಮಗಳು ಈಗ ಸಕಲೇಶಪುರದಲ್ಲಿ ಪ್ರಿ-ವೆಡ್ಡಿಂಗ್ ಶೂಟ್, ಮದುವೆಯ ಹಿಂದಿನ ದಿನ ‘ಹಲ್ದಿ’, ಅದೇ ರಾತ್ರಿ ‘ಸಂಗೀತ್’ ಬೇಕೆನ್ನುತ್ತಿದ್ದಾಳಂತೆ. ಈ ನಡುವೆ ಅವಳೊಡನೆ ಓದಿದ ಐವರು ಗೆಳತಿಯರ ಮದುವೆಯ ಚಿತ್ರಗಳು ಇನ್‌ಸ್ಟಾಗ್ರಾಂನಲ್ಲಿ ಬಂದಿವೆ. ಇಷ್ಟಕ್ಕೇ ನಾಲ್ಕು ಲಕ್ಷ ರೂಪಾಯಿ ಬೇಕಾಗಿದ್ದು, ತೆಂಗಿನ ತೋಟದ ಮೇಲೆ ಸಾಲ ತೆಗೆಯುವ ಯೋಚನೆ ಅವರದು. ‘ತಪ್ಪು ಮಗಳದೋ, ಮೊಬೈಲಿನದೋ, ಕಾಲಕ್ಕೆ ಹೊಂದಿಕೊಳ್ಳದ ನನ್ನದೋ?’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮದುವೆ ಬದುಕಿನಲ್ಲಿ ಒಮ್ಮೆ ಬರುವ ಸಂಭ್ರಮ, ಅದರ ಚೆಂದದ ನೆನಪು ಉಳಿಯಲಿ ಎಂದು ಒಬ್ಬ ಹುಡುಗಿ ಬಯಸುವುದರಲ್ಲಿ ತಪ್ಪೇನೂ ಇಲ್ಲ. ಫೋಟೊ ತೆಗೆಯುವವರ ಮನೆಯ ಒಲೆಯೂ ಉರಿಯಬೇಕು. ಆದರೆ ನಿಮ್ಮ ಮಗಳ ಬಯಕೆ ಬದಲಾದದ್ದು ಅವಳ ಮನಸ್ಸು ಬದಲಾಗಿದ್ದರಿಂದಲ್ಲ, ಐದು ಮದುವೆಗಳನ್ನು ಸಾಲಾಗಿ ನೋಡಿದ್ದರಿಂದ. ಹಾಗೆಂದು ಅವಳನ್ನು ದುರ್ಬಲಳೆಂದು ತಿಳಿಯಬೇಡಿ.

1950ರ ದಶಕದ ಆರಂಭದಲ್ಲಿ ಸಾಲೊಮನ್ ಆ್ಯಷ್ ಎಂಬ ಮನೋವಿಜ್ಞಾನಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮುಂದೆ ಒಂದು ಗೆರೆಯನ್ನಿಟ್ಟು, ಇನ್ನೊಂದು ಕಾರ್ಡಿನ ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದದ್ದು ಯಾವುದೆಂದು ಕೇಳಿದ. ಮಗುವೂ ಹೇಳಬಹುದಾದ ಉತ್ತರ ಅದು. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಕೊಟ್ಟಾಗ, ಏನೂ ತಿಳಿಯದೆ ಕುಳಿತಿದ್ದವರಲ್ಲಿ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆಗೇ ಹೋದರು. ಅವರನ್ನು ಯಾರೂ ಗದರಿಸಿರಲಿಲ್ಲ, ಯಾರೂ ಒತ್ತಾಯಿಸಿರಲಿಲ್ಲ. ಕಣ್ಣೆದುರಿನ ಗೆರೆಯ ವಿಷಯದಲ್ಲೇ ಹೀಗಾದರೆ, ಅಳತೆಗೋಲೇ ಇಲ್ಲದ ಸಂತೋಷದ ವಿಷಯದಲ್ಲಿ ಏನಾದೀತು?

ಸಂಖ್ಯೆಯ ಬಲವನ್ನೂ ಹೇಳಬೇಕು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14,000ಕ್ಕೂ ಹೆಚ್ಚು ಜನರಿಗೆ, ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು ಕೇಳಿಸಲಾಯಿತು. ಹೆಚ್ಚಿನವರನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿ, ಯಾವ ಹಾಡನ್ನು ತಮ್ಮ ಗುಂಪಿನ ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನು ತೋರಿಸಿದರು. ಒಂದೇ ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಮೊದಲು ಬಂದ ಕೆಲವರ ಆಯ್ಕೆ ಎತ್ತ ವಾಲಿತೋ ಹಿಂದೆ ಬಂದವರ ರುಚಿಯೂ ಅತ್ತಲೇ ವಾಲಿತು. 2009ರಲ್ಲಿ ಫೇಸ್‌ಬುಕ್ ‘ಲೈಕ್’ ಗುಂಡಿಯನ್ನು ತಂದ ಮೇಲೆ ಇಂಥದೇ ಲೆಕ್ಕ ನಮ್ಮ ಪ್ರತಿಯೊಂದು ಚಿತ್ರದ ಕೆಳಗೂ ಬಂದು ಕೂತಿತು.

ಕಳೆದ ವೈಶಾಖದಲ್ಲಿ ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅರಿಶಿನ ಶಾಸ್ತ್ರಕ್ಕೆ ಮದುಮಗಳನ್ನು ಮಣೆಯ ಮೇಲೆ ಕೂರಿಸಿದ್ದರು. ಎಂಬತ್ತು ದಾಟಿದ ಅಜ್ಜಿ ಸೋಬಾನೆ ಶುರುಮಾಡಿ, ಅರಿಶಿನದಲ್ಲಿ ಬೆರಳದ್ದಿ ಮೊಮ್ಮಗಳ ಕೆನ್ನೆಗೆ ಹಚ್ಚಲು ಕೈ ಚಾಚಿದರು. ಕ್ಯಾಮೆರಾದವನು ‘ಅಜ್ಜಿ, ಮುಖ ಮುಚ್ಚುತ್ತೆ, ಕೈ ತೆಗೀರಿ, ಇನ್ನೊಂದ್ಸಲ’ ಎಂದ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ರೀಲ್ಸ್‌ಗೆಂದು ಸ್ಪೀಕರಿನಲ್ಲಿ ಹಿಂದಿ ಹಾಡು ಹಾಕಿದರು. ಸೋಬಾನೆ ಎರಡನೆಯ ನುಡಿಗೇ ನಿಂತುಹೋಯಿತು. ಅಜ್ಜಿ ಸೆರಗಿಗೆ ಬೆರಳೊರೆಸಿಕೊಂಡು ಒಳಮನೆಗೆ ಹೋದರು. ಸಂಜೆ ಅದೇ ಮದುಮಗಳು ಫೋನ್ ಹಿಡಿದು ಮೂಲೆಯಲ್ಲಿ ಕೂತಿದ್ದಳು. ‘ಚಿಕ್ಕಪ್ಪನ ಮಗಳಿಗೆ ಆರುನೂರು ಲೈಕ್ ಬಂದಿತ್ತು, ನನಗೆ ಇನ್ನೂರೂ ಆಗಿಲ್ಲ’ ಎಂದಾಗ ಅವಳ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನ ಧಾರೆ.

ನನಗೆ ಸಂಕಟವಾಗುವುದು ಇಲ್ಲಿ. ಉತ್ತರ ಕರ್ನಾಟಕದಲ್ಲಿ ಮದುಮಕ್ಕಳ ಸುತ್ತ ನೂಲು ಸುತ್ತಿ ಸುರಗಿ ಶಾಸ್ತ್ರ ಮಾಡುತ್ತಾರೆ. ಸಾಗರದ ಕಡೆಯ ದೀವರ ಮನೆಗಳಲ್ಲಿ ಮದುವೆಗೆಂದು ಹೆಂಗಸರು ಗೋಡೆಯ ಮೇಲೆ ಹಸೆಚಿತ್ತಾರ ಬರೆಯುತ್ತಾರೆ. ನಿಮ್ಮ ಸೀಮೆಯಲ್ಲಿ ಚಪ್ಪರವಿದೆ, ಬಳೆ ಶಾಸ್ತ್ರವಿದೆ. ಊರಿಗೊಂದು ರೀತಿಯಿದ್ದ ಮದುವೆ ಇಂದು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಚೆಂಡುಹೂವಿನ ಪರದೆಯ ಮುಂದೆ ನಡೆಯುತ್ತಿದೆ. ಅರಿಶಿನ ಎಂಬ ಮಾತೇ ನಮ್ಮ ಮಕ್ಕಳ ಬಾಯಲ್ಲಿ ‘ಹಲ್ದಿ’ಯಾಗಿದೆ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ, ಮದುವೆಗೆ ಮುಂಚಿನ ಚಿತ್ರೀಕರಣಕ್ಕೆಂದು ತೆಪ್ಪ ಹತ್ತಿದ ಜೋಡಿ ಕಾವೇರಿಯಲ್ಲಿ ಮುಳುಗಿ ತೀರಿಕೊಂಡಿತು. ಆ ಸುದ್ದಿಯ ಪುಟವನ್ನು ನಾನಿನ್ನೂ ಎಸೆದಿಲ್ಲ.

ಈಗ ನಿಮಗೆ ಒಂದು ಮಾತು, ಬೇಸರಿಸಬೇಡಿ. ಪತ್ರದ ಮೂರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: ‘ಅಣ್ಣನ ಮಗನ ಮದುವೆಗೆ ಎಂಟುನೂರು ಎಲೆ ಬಿದ್ದಿತ್ತು, ನಾನು ಅದಕ್ಕಿಂತ ಕಡಿಮೆ ಮಾಡುವಂತಿಲ್ಲ.’ ಮಗಳಿಗೆ ಐವರು ಗೆಳತಿಯರಿದ್ದಂತೆ ನಿಮಗೆ ಅಣ್ಣ ಇದ್ದಾರೆ. ‘ನಾಲ್ಕು ಜನ ಏನಂದಾರು’ ಎಂದು ನಾವು ಕಲಿಸಿದ್ದನ್ನೇ ಅವಳು ಫೋನಿನಲ್ಲಿ ನೋಡುತ್ತಿದ್ದಾಳೆ. ನಮ್ಮ ನಾಲ್ಕು ಜನ ಉಂಡು, ಮುಯ್ಯಿ ಕೊಟ್ಟು ಮನೆಗೆ ಹೋಗುತ್ತಿದ್ದರು. ಅವಳ ನಾಲ್ಕು ಜನ ರಾತ್ರಿ ದಿಂಬಿನ ಪಕ್ಕದಲ್ಲೂ ಇರುತ್ತಾರೆ. ಅವಳ ಭಾರ ನಮ್ಮದಕ್ಕಿಂತ ಹೆಚ್ಚಿನದು.

ಆ್ಯಷ್‌ನ ಪ್ರಯೋಗದ ಇನ್ನೊಂದು ಭಾಗವನ್ನು ಹೇಳುವುದು ಬಾಕಿಯಿದೆ. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯಾದ ಗೆರೆಯನ್ನು ತೋರಿಸಿದಾಗ, ಗುಂಪಿನ ಹಿಂದೆ ಹೋಗುವುದು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಒಬ್ಬನಿದ್ದರೆ ಸಾಕಾಗಿತ್ತು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಪ್ರತಿಜ್ಞೆ ಓದಿಸುವ ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿದರು. ಆ ಒಂದು ಮದುವೆಯನ್ನು ನೆನೆದು ಇಂದಿಗೂ ಕನ್ನಡ ನಾಡಿನಲ್ಲಿ ಹಾಗೆಯೇ ಮದುವೆಯಾಗುವವರಿದ್ದಾರೆ.

ಆದ್ದರಿಂದ ಮಗಳಿಗೆ ಉಪದೇಶ ಮಾಡುವ ಮೊದಲು ನಿಮ್ಮ ಎಂಟುನೂರು ಎಲೆಯನ್ನು ಇನ್ನೂರಕ್ಕೆ ಇಳಿಸಿ, ಅದನ್ನು ಅಣ್ಣನಿಗೆ ಅವಳೆದುರಿಗೇ ಫೋನು ಮಾಡಿ ಹೇಳಿ. ಆಮೇಲೆ ಅವಳ ಪಕ್ಕದಲ್ಲಿ ಕೂತು, ಹೋದ ವರ್ಷ ಯಾವ ದೇವಸ್ಥಾನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ ಎಂದು ಕೇಳಿ. ಅವಳು ಏನು ಹೇಳಿದಳೆಂದು ನನಗೆ ಬರೆಯಿರಿ. ಅಲ್ಲಿಯವರೆಗೆ ತೋಟದ ಪಹಣಿಯನ್ನು ಬ್ಯಾಂಕಿಗೆ ಒಯ್ಯಬೇಡಿ.

— ಸಂ.